ಜಂಬೋ ಜೆಟ್ ಗಿರಗಿರ ತಿರುಗುತ್ತಾ?

ಪ್ರಶ್ನೆ: ನಮ್ದು ಘಾಟ್ಕೋಪರ್, ಬಿಲ್ಡಿಂಗ್ ಮೇಲೇನೇ ವಿಮಾನಗಳು ಲ್ಯಾಂಡಿಂಗ್‌ಗೆ ಇಳೀತಾವೆ. ಅಣ್ಣನ ಮಗ ಕಂಪ್ಯೂಟರ್ ಗೇಮ್‌ನಲ್ಲಿ ಜಂಬೋನ ಗಿರಗಿರ ತಿರುಗಿಸಿ ಮತ್ತೆ ನೆಟ್ಟಗೆ ಮಾಡ್ತಾನೆ. ನಿಜವಾಗ್ಲೂ ಹಂಗಾಗತ್ತಾ? ಬಾಂದ್ರಾ ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾ ವಿಮಾನಕ್ಕೂ ಹಿಂಗೇ ಆಗಿದ್ದಾ?

ಉತ್ತರ: ಇಲ್ಲ, ಅದೇ ಬೇರೆ, ಇದೇ ಬೇರೆ. ಗಿರಗಿರ ತಿರುಗೋದು, ಅಂದ್ರೆ ಸ್ಪಿನ್, ಆಗ್ಬೇಕಂದ್ರೆ ಮೊದ್ಲು ರೆಕ್ಕೆ ಸ್ಟಾಲ್ ಆಗಿರ್ಬೇಕು, ಅಂದ್ರೆ ವಿಮಾನನ ಎತ್ತಿ ಹಿಡಿಯೋ ಶಕ್ತಿ ಕುಸಿದಿರ್ಬೇಕು, ಅದ್ರಲ್ಲೂ ಒಂದು ರೆಕ್ಕೆ ಇನ್ನೊಂದಕ್ಕಿಂತ ಜಾಸ್ತಿ, ಆಗ ವಿಮಾನ ಬುಗುರಿ ಥರ ಸುತ್ತುತ್ತಾ ಇಳಿಯತ್ತೆ, ಸ್ಪೀಡ್ ಮಾತ್ರ ಕಮ್ಮಿನೇ. ಸಣ್ಣ ವಿಮಾನದಲ್ಲಿ ಬೇಕಂತ್ಲೇ ಮಾಡಿ ಕಲಿಸ್ತಾರೆ, ಆದ್ರೆ ದೊಡ್ಡ ಪ್ಯಾಸೆಂಜರ್ ಜೆಟ್‌ಗೆ ಸ್ಪಿನ್ ಟೆಸ್ಟ್ ಕೇಳೋದೇ ಇಲ್ಲ. ಅಷ್ಟು ಉದ್ದದ ಬಾಡಿ ಒಂದ್ಸಲ ಸುತ್ತಕ್ಕೆ ಹಿಡೀತು ಅಂದ್ರೆ ನಿಲ್ಲಿಸೋದು ಬಹಳ ಕಷ್ಟ. 2006ರಲ್ಲಿ ಉಕ್ರೇನ್‌ನಲ್ಲಿ ಒಂದು ಟುಪೊಲೆವ್ 154 ಹಿಂಗೇ ಸಿಕ್ಕಾಕ್ಕೊಂಡು 170 ಜನ ಸತ್ರು.

ಇನ್ನೊಂದು ಸ್ಪೈರಲ್ ಡೈವ್, ಅಂದ್ರೆ ವಾಲ್ಕೊಂಡು ಸುತ್ತು ಹಾಕ್ತಾ ಕೆಳಗೆ ಧುಮುಕೋದು. ಅದ್ರಲ್ಲಿ ರೆಕ್ಕೆ ಚೆನ್ನಾಗೇ ಕೆಲಸ ಮಾಡ್ತಿರತ್ತೆ, ವಿಮಾನ ವಾಲಿರತ್ತೆ ಅಷ್ಟೇ. ವಾಲಿದಷ್ಟೂ ಮೂತಿ ಕೆಳಗೆ ಹೋಗತ್ತೆ, ಸ್ಪೀಡ್ ಏರ್ತಾನೇ ಇರತ್ತೆ, ಗಾಬರಿಲಿ ಕಂಟ್ರೋಲ್ ಹಿಂದಕ್ಕೆ ಎಳೆದ್ರೆ ಸುತ್ತು ಇನ್ನೂ ಬಿಗಿಯಾಗತ್ತೆ. ಮೊದ್ಲು ರೆಕ್ಕೆ ಸಮ ಮಾಡ್ಬೇಕು, ಆಮೇಲೆ ನಿಧಾನಕ್ಕೆ ಎತ್ತಬೇಕು. ನನ್ನ ಪ್ರಕಾರ ದೊಡ್ಡ ಜೆಟ್ ವಿಷಯದಲ್ಲಿ ಹೆದರಬೇಕಾದ್ದು ಈ ವಾಲೋದಕ್ಕೇ.

ಬಾಂದ್ರಾದ್ದೂ ವಾಲಿದ್ದೇ. 1978ರ ಜನವರಿ 1ರ ರಾತ್ರಿ, ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟ 747 (ಜಂಬೋ ಅನ್ನೋದು ಇದನ್ನೇ), ಹೆಸರು ‘ಎಂಪರರ್ ಅಶೋಕ’. ಬಲಕ್ಕೆ ಸ್ವಲ್ಪ ತಿರುಗಿ ನೆಟ್ಟಗಾದ್ಮೇಲೂ ಕ್ಯಾಪ್ಟನ್ ಮುಂದಿದ್ದ ಮೀಟರ್ ಬಲಕ್ಕೇ ವಾಲಿದೆ ಅಂತ ತೋರಿಸ್ತಿತ್ತು, ಹೊರಗೆ ನೋಡಿದ್ರೆ ಕಪ್ಪು ಸಮುದ್ರ, ದಿಗಂತ ಅನ್ನೋದೇ ಇಲ್ಲ, ಸರಿ ಮಾಡ್ತಿದೀನಿ ಅನ್ಕೊಂಡು ಎಡಕ್ಕೆ ತಿರುಗಿಸ್ತಾ ಹೋದ್ರು, 90 ಡಿಗ್ರಿನೂ ದಾಟಿ ವಾಲ್ತು. ಟೇಕಾಫ್ ಆಗಿ ಎರಡು ನಿಮಿಷದೊಳಗೆ 213 ಜನ ಹೋದ್ರು. ಸರಿಮಾಡಕ್ಕೆ ಎತ್ತರವೇ ಇರ್ಲಿಲ್ಲ.

ಎತ್ತರ ಇದ್ರೆ ಕಥೆ ಬೇರೆ ಆಗ್ಬೋದಿತ್ತು. 1985ರಲ್ಲಿ ಚೈನಾ ಏರ್‌ಲೈನ್ಸ್‌ನ 747ಎಸ್‌ಪಿ 41,000 ಅಡಿಲಿ ಒಂದು ಇಂಜಿನ್ ಕೈಕೊಟ್ಟು, ಉರುಳಿ ಮೋಡದೊಳಗೆ ಬಿತ್ತು. ಮೋಡ ದಾಟಿ ಹೊರಗೆ ಬಂದು ದಿಗಂತ ಕಂಡ್ಮೇಲೇನೇ ಪೈಲಟ್‌ಗೆ ಹಿಡಿತ ಸಿಕ್ಕಿದ್ದು, ಅಷ್ಟೊತ್ತಿಗೆ 30,000 ಅಡಿ ಕೆಳಗೆ ಬಂದಾಗಿತ್ತು, ಬಾಲದ ತುಂಡುಗಳು ಕಿತ್ತು ಹೋಗಿದ್ವು, ಆದ್ರೂ ಎಲ್ರೂ ಬದುಕಿದ್ರು.

ಇನ್ನು ರೋಲ್, ಅಂದ್ರೆ ಮುಂದಕ್ಕೆ ಹಾರ್ತಾನೇ ಪಕ್ಕಕ್ಕೆ ಪೂರ್ತಿ ಒಂದು ಸುತ್ತು ಉರುಳೋದು. ಹದವಾಗಿ ಮಾಡಿದ್ರೆ ವಿಮಾನಕ್ಕೆ ಅಂಥಾ ಹೊರೆ ಏನಿಲ್ಲ. 1955ರಲ್ಲಿ ಟೆಕ್ಸ್ ಜಾನ್‌ಸ್ಟನ್ ಅನ್ನೋ ಟೆಸ್ಟ್ ಪೈಲಟ್ ಸಿಯಾಟಲ್‌ನಲ್ಲಿ ಜನರೆದುರೇ 707ರ ಮೂಲಮಾದರಿನ ಎರಡು ಸಲ ಪೂರ್ತಿ ಉರುಳಿಸಿ ತೋರಿಸಿದ್ರು. ಬೋಯಿಂಗ್ ಮುಖ್ಯಸ್ಥ ಬಿಲ್ ಅಲೆನ್ ಕರೆಸಿ, ಇನ್ಮೇಲೆ ಇದೆಲ್ಲ ಬೇಡ ಅಂದ್ರಂತೆ.