ಬಿಸಿನೀರಿನ ಬುಗ್ಗೆ, ಮೇಲೆ ಬಾವಲಿ

ಪ್ರಶ್ನೆ: ನಾವು ತೀರ್ಥಹಳ್ಳಿಯವ್ರು. ಆಗುಂಬೆ ಘಾಟಿ ಇಳ್ಕೊಂಡು ಪುತ್ತೂರು ಹತ್ರದ ಬೆಂದ್ರು ತೀರ್ಥಕ್ಕೆ ಹೋಗೋ ಪ್ಲಾನ್ ಇದೆ, ಸಂಜೆ ಬಿಸಿನೀರಿನ ಮೇಲೆ ಬಾವಲಿ ಹಾರಾಡ್ತವೆ ಅಂತ ನಮ್ಮತ್ತೆ ಹೆದರ್ತಿದಾರೆ. ನೀರಿಗಿಳಿಬಹುದಾ?

ಉತ್ತರ: ಅತ್ತೆಯವ್ರಿಗೆ ಹೇಳಿ, ಬಾವಲಿ ಬರೋದು ನೀರಿಗೆ, ಅಲ್ಲಿ ಮುತ್ತೋ ಹುಳಕ್ಕೆ. ಹಾರ್ತಾನೇ ಬಾಯಿ ತಾಗಿಸಿ ಒಂದು ಗುಟುಕು ಕುಡ್ಕೊಂಡು ಹೋಗತ್ತೆ, ಕೂದ್ಲಿಗೆ ಸಿಕ್ಕಾಕ್ಕೊಳತ್ತೆ ಅನ್ನೋದೆಲ್ಲ ಅಜ್ಜಿಕಥೆ. ಟಾರ್ಚ್ ಬಿಟ್ಟು ಕೆಣಕ್ಬೇಡಿ ಅಷ್ಟೇ. ಕೆಳಗೆ ಬಿದ್ದಿರೋದನ್ನ ಮಾತ್ರ ಬರಿಗೈಲಿ ಮುಟ್ಬೇಡಿ, ಕಚ್ಚಿದ್ರೆ ಪರಚಿದ್ರೆ ಗಾಯ ಎಷ್ಟೇ ಚಿಕ್ಕದಿರ್ಲಿ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಕೇಳಿ. ಬಾವಲಿ ಕಚ್ಚಿ ಬೀಳಿಸಿದ ಹಣ್ಣೂ ಬೇಡ, ನಿಫಾ ನೆನಪಿದ್ಯಲ್ಲ.

ನನ್ನ ಕೇಳಿದ್ರೆ ಬಾವಲಿಗಿಂತ ನೀರಿನ ವಿಷಯದಲ್ಲೇ ಹುಷಾರಾಗಿರಬೇಕು. ಬೆಚ್ಚಗಿನ ಸಿಹಿನೀರಲ್ಲಿ ನೇಗ್ಲೇರಿಯಾ ಅನ್ನೋ ಅಮೀಬಾ ಇರೋ ಸಾಧ್ಯತೆ ಇರತ್ತೆ, ಅದು ಕುಡಿದ್ರೆ ಅಲ್ಲ, ಮೂಗಿಗೆ ನೀರು ಹೋದ್ರೆ ಮಿದುಳಿಗೆ ಹತ್ತತ್ತೆ. ತುಂಬ ಅಪರೂಪ, ಆದ್ರೆ ಬಂದ್ರೆ ಬದುಕೋದು ಕಷ್ಟ. ತೀರ್ಥ ಅಂತ ಮೂರು ಮುಳುಗು ಹಾಕೋ ಆಸೆ ಅತ್ತೆಯವ್ರಿಗಿದ್ರೆ ಚೊಂಬಲ್ಲಿ ಹೆಗಲಿಗೆ ಹೊಯ್ಕೊಳ್ಳೋಕೆ ಹೇಳಿ, ಮಕ್ಕಳು ಡೈವ್ ಹೊಡೀದೇ ಇದ್ರೆ ಆಯ್ತು.