ಸ್ಪಿತಿಯ ಚಳಿಯಲ್ಲಿ ಮನೆ ಕಟ್ಟುವುದಾದರೆ ಹಂಚು ಇಲ್ಲೇ ಇರಲಿ

ಪ್ರಶ್ನೆ ಓದಿ ಮೊದಲು ನಗು ಬಂತು, ಬೇಜಾರು ಮಾಡಬೇಡಿ. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ, ಕಾಜಾ ಊರಿನ ಹತ್ತಿರ ಗೆಳೆಯನ ಜಾಗದಲ್ಲಿ 300 ಚದರ ಅಡಿಯ ಮರದ ಕ್ಯಾಬಿನ್, ಮೇಲೆ ಮಂಗಳೂರು ಹಂಚು, ನಾಲ್ಕೂ ಕಡೆ ಕಿಟಕಿ, ಸಾಮಾನೆಲ್ಲ ಮಂಗಳೂರಿನಿಂದ ಲಾರಿಯಲ್ಲಿ ಕಳಿಸಿದರೆ ಹೇಗೆ ಅಂತ ಕೇಳಿದ್ದೀರಿ. ನಾನು ಉಡುಪಿಯವನು, ಸಿವಿಲ್ ಕೆಲಸ. ಸ್ಪಿತಿಯ ಹಾಗೆಯೇ ಒಣ ಚಳಿಯ ಲಡಾಖ್‌ನಲ್ಲಿ, ಲೇಹ್ ಹತ್ತಿರ ಒಂದು ಸಣ್ಣ ಕಟ್ಟಡಕ್ಕೆ ಎರಡು ಬೇಸಿಗೆ, ನಡುವೆ ಒಂದು ಚಳಿಗಾಲ ದುಡಿದಿದ್ದೇನೆ. ನಿಮ್ಮ ಪಟ್ಟಿಯಲ್ಲಿರುವ ಒಂದು ತಪ್ಪನ್ನು ನಾನು ಆಗಲೇ ಮಾಡಿ ಆಗಿದೆ.

ನಮ್ಮಲ್ಲಿ ಮನೆ ಅಂದರೆ ಮಳೆಯ ಜೊತೆ ಜಗಳ. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಸುರಿಯುತ್ತದೆ, ಮತ್ತೆ ಬೆವರು ಬೇರೆ. ಹಾಗಾಗಿ ಮಾಡು (ಛಾವಣಿ) ಇಳಿಜಾರು, ಸೂರು ಉದ್ದ, ಗಾಳಿ ಯಾವ ಕಡೆಯಿಂದ ಬಂದರೂ ಖುಷಿ. ಲೇಹ್‌ನಲ್ಲಿ ವರ್ಷದ ಮಳೆಯೇ 100 ಮಿ.ಮೀ. ಆಸುಪಾಸು. ಅಲ್ಲಿ ಬಿಸಿಲನ್ನು ಒಳಗೆ ಕರೆಯಬೇಕು, ಗಾಳಿಯನ್ನು ಹೊರಗೆ ನಿಲ್ಲಿಸಬೇಕು. ನಾನು ಊರಿನ ಅಭ್ಯಾಸದಲ್ಲಿ ಉತ್ತರಕ್ಕೂ ಎರಡು ಕಿಟಕಿ ಇಟ್ಟೆ, ಗಾಳಿ ಆಡಲಿ ಅಂತ. ಜನವರಿಯಲ್ಲಿ ಗಾಜಿನ ಒಳಮೈ ಮೇಲೆ ಮಂಜುಗಡ್ಡೆ, ಉಗುರಿನಲ್ಲಿ ಕೆರೆದು ತೆಗೆಯುವಷ್ಟು. ಮುಂದಿನ ಬೇಸಿಗೆಯಲ್ಲಿ ಅದೇ ಕಿಟಕಿಗಳಿಗೆ ಮಣ್ಣಿನ ಇಟ್ಟಿಗೆ ತುಂಬಿದೆವು. ಅಲ್ಲಿಯ ಮೇಸ್ತ್ರಿ ಒಂದು ಮಾತೂ ಆಡಲಿಲ್ಲ, ಇಟ್ಟಿಗೆ ಮಾತ್ರ ಮೊದಲೇ ತಂದಿಟ್ಟಿದ್ದ.

ಹಂಚು ಬೇಡವೇ ಬೇಡ. 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ್ದು ಈ ಊರಿನ ಮಳೆಗೆ ಹೊಂದುವ ಸಾಮಾನು. ಅದು ನೀರು ಹೀರುತ್ತದೆ. ನೀರು ಹೆಪ್ಪುಗಟ್ಟಿದರೆ ಶೇ. 9ರಷ್ಟು ಹಿಗ್ಗುತ್ತದೆ. ರಾತ್ರಿ ಹೆಪ್ಪು, ಹಗಲು ಕರಗು, ಹೀಗೇ ನಾಲ್ಕು ಚಳಿಗಾಲ ಆದರೆ ಪದರ ಪದರ ಏಳುತ್ತದೆ. ಮರವನ್ನೂ ಬಿಡಿ. ಸ್ಪಿತಿಯಲ್ಲಿ ಕಾಡೇ ಇಲ್ಲ, ಜನ ನೆಟ್ಟು ಬೆಳೆಸಿದ ಪಾಪ್ಲರ್, ವಿಲ್ಲೋ ಅಷ್ಟೇ. ಅದು ಮಾಡಿಗೂ ಬಾಗಿಲಿಗೂ ಆಗಲಿ. ಗೋಡೆಗೆ ಅಲ್ಲಿಯ ಮಣ್ಣು, ಕಲ್ಲು ಸಾಕು. ಇಲ್ಲಿಂದ ಲಾರಿ ಕಳಿಸಿ ಪರಿಸರಸ್ನೇಹಿ ಮನೆ ಅನ್ನುವುದು ನನಗಂತೂ ಅರ್ಥ ಆಗುವುದಿಲ್ಲ.

ಈಗ ಮುಖ್ಯ ವಿಷಯ. ಮಣ್ಣಿನ ಗೋಡೆ ಬೆಚ್ಚಗಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ನಿಜ. ಏಪ್ರಿಲ್ ಸಂಜೆ ಪಾದೆಕಲ್ಲಿನ ಮೇಲೆ ಕೂತಿದ್ದೀರಲ್ವಾ? ಸೂರ್ಯ ಮುಳುಗಿ ಎರಡು ಗಂಟೆ ಆದರೂ ಕೆಳಗಿನಿಂದ ಬಿಸಿ ಬರುತ್ತಿರುತ್ತದೆ. ಬಚ್ಚಲಿನ ಹಂಡೆಯೂ ಹಾಗೆಯೇ, ಬೆಂಕಿ ಆರಿದ ಮೇಲೂ ರಾತ್ರಿ ತನಕ ನೀರು ಬೆಚ್ಚಗೆ. ಮಣ್ಣು, ಕಲ್ಲು, ನೀರು ಇವೆಲ್ಲ ಹಂಡೆಯ ಜಾತಿ, ಬಿಸಿಯನ್ನು ಕೂಡಿಡುತ್ತವೆ. ಆದರೆ ತಡೆಯುವುದಿಲ್ಲ. ತಡೆಯುವುದು ಕಂಬಳಿ, ಅಂದರೆ ಒಳಗೆ ಗಾಳಿ ಸಿಕ್ಕಿಹಾಕಿಕೊಂಡ ಹಗುರ ವಸ್ತು: ಉಣ್ಣೆ, ಒಣಹುಲ್ಲು, ಮರದ ಹೊಟ್ಟು. ಲೆಕ್ಕ ಹಾಕಿದರೆ ಒಂದೂವರೆ ಅಡಿ ದಪ್ಪದ ಒತ್ತುಮಣ್ಣಿನ (ಅಚ್ಚಿನೊಳಗೆ ಮಣ್ಣು ತುಳಿದು ಗಟ್ಟಿ ಮಾಡಿದ) ಗೋಡೆ ತಡೆಯುವಷ್ಟು ಶಾಖವನ್ನು ಒಂದು ಇಂಚು ಉಣ್ಣೆಯೂ ತಡೆಯುತ್ತದೆ! ಹಳಬರು ಅಕ್ಕಿಮುಡಿಗೆ ಬೈಹುಲ್ಲು ಸುತ್ತುತ್ತಿದ್ದರಲ್ಲ, ಹಾಗೆ ಈ ಮನೆಗೂ ಹೊರಗಿನಿಂದ ಸುತ್ತಬೇಕು. ಹಂಡೆ ಒಳಗೆ, ಕಂಬಳಿ ಹೊರಗೆ. ಕಂಬಳಿಯನ್ನು ಒಳಗೋಡೆಗೆ ಹೊಡೆದರೆ ಹಂಡೆ ಚಳಿಯಲ್ಲಿ ನಿಂತ ಹಾಗೆ, ಅಷ್ಟು ಮಣ್ಣು ತುಳಿದದ್ದೂ ದಂಡ. ನೆಲದ ಕೆಳಗೆ ಮತ್ತು ಮಾಡಿನಲ್ಲಿ ಮರೆಯಬೇಡಿ, ಮಾಡಿಗೆ ಎಲ್ಲಕ್ಕಿಂತ ಜಾಸ್ತಿ ಬೇಕು.

ಹಂಡೆಗೆ ಬೆಂಕಿ ಸೂರ್ಯನೇ. ಉದ್ದನೆಯ ಗೋಡೆ ದಕ್ಷಿಣಕ್ಕಿರಲಿ, ಗಾಜು ಪೂರ್ತಿ ಅಲ್ಲೇ, ಎರಡು ಪದರದ್ದು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ಕಾಜಾದಲ್ಲಿ ಸುಮಾರು 34 ಡಿಗ್ರಿ ಎತ್ತರದಲ್ಲಿ ಮಾತ್ರ, ಬಿಸಿಲು ಕೋಣೆಯ ಒಳಕ್ಕೆ ಬರುತ್ತದೆ. ಜೂನಿನಲ್ಲಿ 81 ಡಿಗ್ರಿ, ಸಣ್ಣ ಸೂರು ಇದ್ದರೆ ಅದೇ ಗಾಜಿಗೆ ನೆರಳು. (ನಮ್ಮಲ್ಲಿ ಜೂನಿನ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತದೆ, ಮೋಡದಿಂದಾಗಿ ಯಾರೂ ನೋಡುವುದಿಲ್ಲ ಅಷ್ಟೇ.) ಮಲಗುವ ಕಡೆ ಗಾಜಿನ ಹಿಂದೆ ಹತ್ತು ಇಂಚಿನ ಗೋಡೆ ಕಟ್ಟಿ ಕಪ್ಪು ಬಳಿಯಿರಿ. ಹಗಲಿನ ಬಿಸಿ ಏಳೆಂಟು ಗಂಟೆ ತಡವಾಗಿ ಒಳಗೆ ಬರುತ್ತದೆ, ಸರಿಯಾಗಿ ಮಲಗುವ ಹೊತ್ತಿಗೆ. ಇದಕ್ಕೆ ಟ್ರಾಂಬ್ ಗೋಡೆ ಅನ್ನುತ್ತಾರೆ. ರಾತ್ರಿ ಗಾಜಿಗೆ ದಪ್ಪ ಪರದೆ ಎಳೆಯದಿದ್ದರೆ ಹಗಲು ದುಡಿದದ್ದು ರಾತ್ರಿ ಸೋರುತ್ತದೆ. ಒಮ್ಮೆ ಲೇಹ್ ಹತ್ತಿರದ ಫೇ ಹಳ್ಳಿಯಲ್ಲಿರುವ ಸೆಕ್ಮಾಲ್ ಶಾಲೆಯ ಕಟ್ಟಡಗಳನ್ನು ನೋಡಿ ಬನ್ನಿ. ಮಣ್ಣು ಮತ್ತು ಬಿಸಿಲನ್ನೇ ನಂಬಿ ಕಟ್ಟಿದ್ದಾರೆ.

ಬಾಗಿಲು ಎರಡು ಇರಲಿ, ನಡುವೆ ಚಪ್ಪಲಿ ಬಿಡುವಷ್ಟು ಜಾಗ. ನೀರಿನ ಟ್ಯಾಂಕು ಮನೆಯೊಳಗೇ. ಹೊರಗೆ ಪೈಪು ಎಳೆದರೆ ಒಡೆಯುತ್ತದೆ, ಹಾಗಾಗಿ ನೀರು ಬೇಡದ ಒಣ ಕಕ್ಕಸು, ಅಲ್ಲಿಯ ಜನ ಬಳಸುವುದೂ ಅದನ್ನೇ. ಸೋಲಾರ್ ಇಟ್ಟರೆ ಅದರ ಬ್ಯಾಟರಿಯೂ ಒಳಗಿರಲಿ. ಲಿಥಿಯಂ ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಒಲೆಗೆ ಹೊಗೆಕೊಳವೆ, ಗಾಳಿಗೆ ಒಂದು ಕಿಂಡಿ ಕಡ್ಡಾಯ. ಬಿಗಿಯಾದ ಕೋಣೆಯಲ್ಲಿ ಇದ್ದಿಲು ಇಟ್ಟು ಮಲಗಿದವರು ಬೆಳಿಗ್ಗೆ ಏಳದೇ ಇದ್ದದ್ದುಂಟು. ಮತ್ತೆ ಕುಕ್ಕರ್ ಒಯ್ಯಿರಿ ಮಾರಾಯ್ರೆ, 3,650 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಕುಚ್ಚಲಕ್ಕಿ ಅದಿಲ್ಲದೆ ಬೇಯುವ ಮಾತೇ ಇಲ್ಲ.

ಮಾಡು ಅಲ್ಲಿಯ ಹಾಗೆ ಸಪಾಟು ಇರಲಿ, ಆದರೆ ಮೇಲಿನ ಮಣ್ಣಿನ ಅಡಿಗೆ ನೀರು ತಡೆಯುವ ಹಾಳೆ ಹಾಕಿ, ನೀರು ಹರಿದುಹೋಗಲು ಸ್ವಲ್ಪ ಓಟ ಕೊಡಿ. 2010ರ ಆಗಸ್ಟಿನಲ್ಲಿ ಲೇಹ್‌ನಲ್ಲಿ ಮೇಘಸ್ಫೋಟ ಆಗಿ ಕೆಸರಿನ ಪ್ರವಾಹವೇ ಬಂತು. ಒಣ ಊರು ಅಂತ ತೋಡಿನ ಬಾಯಲ್ಲಿ ಮನೆ ಕಟ್ಟಬೇಡಿ. ಭೂಕಂಪದ ಭಯವೂ ಇದೆ, ಗೋಡೆಗೆ ಪಾಯ, ಕಿಟಕಿ, ಮಾಡಿನ ಮಟ್ಟದಲ್ಲಿ ಸುತ್ತ ಮರದ ಪಟ್ಟಿ ಕಟ್ಟಿಸಿ. ಜಾಗ ಗೆಳೆಯನ ಹೆಸರಲ್ಲೇ ಇರಲಿ, ಹಿಮಾಚಲದ 1972ರ ಗೇಣಿ ಮತ್ತು ಭೂಸುಧಾರಣೆ ಕಾನೂನಿನ 118ನೇ ಕಲಮಿನಿಂದಾಗಿ ಹೊರಗಿನವರಿಗೆ ಕೊಳ್ಳುವುದು ಸುಲಭ ಇಲ್ಲ.

ನಕ್ಷೆ ಬರೆಯುವ ಮೊದಲು ಒಂದು ಕೆಲಸ ಮಾಡಿ. ಡಿಸೆಂಬರ್ 21ರಂದು ಬೆಳಿಗ್ಗೆಯಿಂದ ಸಂಜೆ ತನಕ ಗಂಟೆಗೊಂದು ಫೋಟೋ ತೆಗೆಯಲು ಗೆಳೆಯನಿಗೆ ಹೇಳಿ, ಅದೇ ಜಾಗದಲ್ಲಿ ನಿಂತು. ದಕ್ಷಿಣದ ಗುಡ್ಡ ಬಿಸಿಲು ನುಂಗುವುದಾದರೆ ನಾನು ಇಷ್ಟು ಬರೆದದ್ದೆಲ್ಲ ಸುಮ್ನೆ, ಜಾಗವನ್ನೇ ಬದಲಿಸಬೇಕು. ಫೋಟೋ ಬಂದ ಮೇಲೆ ಇಲ್ಲೇ ಹಾಕಿ, ನೋಡುವ.