ಮೈದುನನ ಮದುವೆಗೆ ಮುಂಚೆ ತೋಳಿನ ಸರ್ಜರಿ ಮಾಡಿಸಿಕೊಳ್ಳಲಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 34, ಆರು ವರ್ಷದ ಮಗ ಇದ್ದಾನೆ. 14 ತಿಂಗಳ ಹಿಂದೆ ತೂಕ ಇಳಿಸುವ ಬ್ಯಾರಿಯಾಟ್ರಿಕ್ ಸರ್ಜರಿ ಆಯಿತು. 108 ಕೆ.ಜಿ. ಇದ್ದವಳು 67ಕ್ಕೆ ಬಂದಿದ್ದೇನೆ. ಕಳೆದ ಎರಡು ತಿಂಗಳಲ್ಲೂ ಮೂರು ಕೆ.ಜಿ. ಇಳಿಯಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಆದರೆ ತೋಳಿನ ಚರ್ಮ ಚೀಲದ ಹಾಗೆ ಜೋತು ಬಿದ್ದಿದೆ. ಕಂಕುಳ ಹತ್ತಿರ ಬೆವರಿ ಕೆರೆತ. ಒಂದು ದಿನ ಬೋರ್ಡ್ ಮೇಲೆ ಬರೆಯುವಾಗ ಹಿಂದಿನ ಬೆಂಚಿನ ಮಕ್ಕಳು ನಕ್ಕಿದ್ದು ಕೇಳಿಸಿತು. ಆವತ್ತಿನಿಂದ ಸೆಕೆಯಲ್ಲೂ ಉದ್ದ ತೋಳಿನ ರವಿಕೆಯೇ. ಫೆಬ್ರವರಿಯಲ್ಲಿ ಮೈದುನನ ಮದುವೆ. ತೋಳಿನ ಚರ್ಮ ತೆಗೆಯುವ ಸರ್ಜರಿಯನ್ನು ದೀಪಾವಳಿ ಒಳಗೆ ಬುಕ್ ಮಾಡಿದರೆ ರಿಯಾಯಿತಿ ಅಂತ ಒಂದು ಕ್ಲಿನಿಕ್‌ನವರು ದಿನಾ ಫೋನ್ ಮಾಡುತ್ತಿದ್ದಾರೆ. ‘ಇದೆಲ್ಲ ಯಾಕೆ ಬೇಕು’ ಅನ್ನುತ್ತಾರೆ ಅತ್ತೆ. ಗಂಡ ಎರಡನೇ ಮಗುವಿನ ಮಾತೆತ್ತಿದ್ದಾರೆ. ಯಾವಾಗ ಮಾಡಿಸಿಕೊಳ್ಳಲಿ?

ಉತ್ತರ: ಪ್ರೀತಿಯ ಟೀಚರ್, ಮದುವೆಗೆ ಮುಂಚೆ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದೀಪಾವಳಿ ಗಡುವು ನಿಮ್ಮ ತಲೆಯ ಮೇಲೆ ಕೂತಿದೆ. ಮೊದಲು ಅದನ್ನು ಕೆಳಗಿಳಿಸಿ. ಆಮೇಲೆ ನೆಮ್ಮದಿಯಾಗಿ ಮಾತಾಡೋಣ.

ಇದು ಶೋಕಿ ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 41 ಕೆ.ಜಿ. ಇಳಿಸುವುದು ಎಂಥ ಕಷ್ಟ ಅಂತ ಇಳಿಸಿದವರಿಗೇ ಗೊತ್ತು. ವರ್ಷಗಟ್ಟಲೆ ಹಿಗ್ಗಿದ ಚರ್ಮ ತನ್ನ ಬಿಗಿ ಕಳೆದುಕೊಂಡಿರುತ್ತದೆ. ಒಳಗಿನ ಕೊಬ್ಬು ಕರಗಿದರೂ ಅದು ಮೊದಲಿನ ಹಾಗೆ ಕುಗ್ಗುವುದಿಲ್ಲ. ‘ಡಂಬೆಲ್ಸ್ ಎತ್ತು, ಸರಿಹೋಗುತ್ತೆ’ ಅಂತ ಬಹಳ ಜನ ಹೇಳಿರಬೇಕು. ಡಂಬೆಲ್ಸ್‌ನಿಂದ ಸ್ನಾಯು ಗಟ್ಟಿಯಾಗುತ್ತದೆ, ಒಳ್ಳೆಯದೇ. ಆದರೆ ಮೇಲೆ ಜೋತ ಚರ್ಮಕ್ಕೆ ಅದರಿಂದ ಏನೂ ಆಗುವುದಿಲ್ಲ. ಕ್ರೀಮು, ಎಣ್ಣೆ ಮಾಲೀಶಿನದೂ ಅದೇ ಕಥೆ. ನಿಮ್ಮ ಪ್ರಯತ್ನದಲ್ಲಿ ಏನೂ ಕೊರತೆ ಇಲ್ಲ.

ಇನ್ನು ಮದುವೆಯ ವಿಷಯ. ಈ ಸರ್ಜರಿಯಲ್ಲಿ ಏನು ಮಾಡುತ್ತಾರೆ ಅಂತ ಕ್ಲಿನಿಕ್‌ನವರು ಬಿಡಿಸಿ ಹೇಳಿದರಾ? ಸಾಮಾನ್ಯವಾಗಿ ನಿಮ್ಮಷ್ಟು ಚರ್ಮ ಜೋತಿದ್ದರೆ ಕಂಕುಳಿನಿಂದ ಮೊಣಕೈವರೆಗೆ, ತೋಳಿನ ಒಳಬದಿಯಲ್ಲೋ ಹಿಂಬದಿಯಲ್ಲೋ ಕೊಯ್ದು, ಹೆಚ್ಚಿನ ಚರ್ಮ ತೆಗೆದು ಹೊಲಿಯುತ್ತಾರೆ. ತೋಳು ಸಣ್ಣಗಾಗುತ್ತದೆ, ನಿಜ. ಬದಲಿಗೆ ಅಷ್ಟುದ್ದದ ಗೆರೆಯೊಂದು ಉಳಿಯುತ್ತದೆ. ಆ ಗೆರೆ ಮೊದಲ ಕೆಲವು ತಿಂಗಳು ಕೆಂಪಗೆ, ಉಬ್ಬಿಕೊಂಡು ಇರುತ್ತದೆ. ಮಾಸಿ ಮೆತ್ತಗಾಗಲು ಒಂದು ವರ್ಷ, ಒಂದೂವರೆ ವರ್ಷ ಬೇಕು. ನವೆಂಬರ್‌ನಲ್ಲಿ ಮಾಡಿಸಿದರೆ ಫೆಬ್ರವರಿಗೆ ಮೂರು ತಿಂಗಳು. ನೀವು ತುಂಡು ತೋಳಿನ ರವಿಕೆ ಹಾಕಿ ಅಕ್ಷತೆ ಹಾಕಲು ಕೈಯೆತ್ತುವ ಹೊತ್ತಿಗೆ ಆ ಗೆರೆ ಚೆನ್ನಾಗಿ ಎದ್ದು ಕಾಣುವ ಹಂತದಲ್ಲೇ ಇರುತ್ತದೆ! ಯಾವ ಮದುವೆಗಾಗಿ ಇಷ್ಟೆಲ್ಲ ಮಾಡಿಸಿದಿರೋ ಅಲ್ಲಿಯೂ ಉದ್ದ ತೋಳೇ ಹಾಕಬೇಕಾಗುತ್ತದೆ, ಅಲ್ವಾ?

ನಮ್ಮ ಗೋಧಿ ಬಣ್ಣದ, ಕಪ್ಪು ಮೈಯವರಿಗೆ ಗಾಯದ ಗುರುತು ಕಪ್ಪಾಗುವುದು, ಗಂಟು ಕಟ್ಟುವುದು ಸ್ವಲ್ಪ ಜಾಸ್ತಿ. ಕಿವಿ ಚುಚ್ಚಿಸಿದ ಕಡೆ ನಿಮಗೆ ಗಂಟು ಬಂದಿತ್ತಾ? ಹೊಟ್ಟೆಯ ಮೇಲೆ ಹಿಂದಿನ ಸರ್ಜರಿಯ ಗುರುತುಗಳು ಇರುತ್ತವಲ್ಲ, ಅವನ್ನು ಇವತ್ತೇ ನೋಡಿಕೊಳ್ಳಿ. ಅವು ತೆಳ್ಳಗೆ ಮಾಸಿದ್ದರೆ ಒಳ್ಳೆಯ ಸೂಚನೆ. ಉಬ್ಬಿ ಗಟ್ಟಿಯಾಗಿದ್ದರೆ ವೈದ್ಯರಿಗೆ ಮೊದಲು ಅದನ್ನೇ ತೋರಿಸಿ.

ಮದುವೆಗಿಂತ ದೊಡ್ಡ ಕಾರಣ ನಿಮ್ಮ ಪತ್ರದಲ್ಲೇ ಇದೆ. ಎರಡು ತಿಂಗಳಲ್ಲಿ ಮೂರು ಕೆ.ಜಿ. ಅಂದರೆ ದೇಹ ಇನ್ನೂ ಇಳಿಯುತ್ತಲೇ ಇದೆ. ಈಗ ಅಳತೆ ತೆಗೆದು ಹೊಲಿದರೆ, ಇನ್ನಷ್ಟು ಇಳಿದ ಮೇಲೆ ಮತ್ತೆ ಸಡಿಲ. ಬ್ಯಾರಿಯಾಟ್ರಿಕ್ ಆದವರಿಗೆ 12ರಿಂದ 18 ತಿಂಗಳು ಕಳೆಯಲಿ, ತೂಕ ಕಡೇಪಕ್ಷ ಮೂರರಿಂದ ಆರು ತಿಂಗಳು ಒಂದೇ ಕಡೆ ನಿಲ್ಲಲಿ ಅಂತ ಪ್ಲಾಸ್ಟಿಕ್ ಸರ್ಜನ್‌ಗಳು ಹೇಳುವುದು ಇದಕ್ಕೇ. ಜೊತೆಗೆ ನಿಮ್ಮ ಹೊಟ್ಟೆ ಈಗ ಸ್ವಲ್ಪವೇ ತಿನ್ನುತ್ತದೆ. ಪ್ರೋಟೀನ್, ಕಬ್ಬಿಣ, ಬಿ12, ವಿಟಮಿನ್ ಡಿ ಕಮ್ಮಿಯಾಗುವುದು ಇಂಥವರಲ್ಲಿ ಸಾಮಾನ್ಯ. ಪ್ರೋಟೀನ್ ಸಾಲದೆ ಹೊಲಿಗೆ ಕೂಡಿಕೊಳ್ಳುವುದು ಕಷ್ಟ. ಕಂಕುಳ ಹತ್ತಿರದ ಹೊಲಿಗೆ ಮೊದಲೇ ಸ್ವಲ್ಪ ನಾಜೂಕು, ಬಿಟ್ಟುಕೊಳ್ಳುವುದು ಅಲ್ಲೇ. ಈ ರಕ್ತ ಪರೀಕ್ಷೆಗಳನ್ನು ಈಗಲೇ ಮಾಡಿಸಿ, ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿಎ1ಸಿ ಕೂಡ. ಏನಾದರೂ ಕೊರತೆ ಇದ್ದರೆ ತುಂಬಿಕೊಳ್ಳಲು ಸಮಯ ಸಿಗುತ್ತದೆ.

ಎರಡನೇ ಮಗುವಿನ ಮಾತನ್ನು ನೀವು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ಮೊದಲ ಪ್ರಶ್ನೆ ಅನ್ನಿಸಿತು. ಒಂದೆರಡು ವರ್ಷದಲ್ಲಿ ಮಗು ಬೇಕು ಅಂತಿದ್ದರೆ ಮಗುವೇ ಮೊದಲಾಗಲಿ. ಬಸಿರಲ್ಲಿ ತೂಕ ಏರುತ್ತದೆ, ಆಮೇಲೆ ಇಳಿಯುತ್ತದೆ, ತೋಳು ಮತ್ತೆ ಬದಲಾಗಬಹುದು. ಹೆತ್ತ ಮೇಲೆ ಮಗುವನ್ನು ಎತ್ತದೆ ಇರುವುದಕ್ಕಂತೂ ಆಗುವುದಿಲ್ಲ. ಹಾಲು ಬಿಡಿಸಿ, ತೂಕ ನಿಂತ ಮೇಲೆ ಸರ್ಜರಿ. ಮಗು ಬೇಡ, ಅಥವಾ ಸದ್ಯಕ್ಕಂತೂ ಬೇಡ ಅಂತ ನಿಮ್ಮ ಮನಸ್ಸು ಹೇಳಿದರೆ, ಅದನ್ನು ಗಂಡನ ಎದುರು ಬಾಯಿಬಿಟ್ಟು ಹೇಳಿ. ಸುಮ್ನೆ ‘ನೋಡೋಣ, ನೋಡೋಣ’ ಅಂತ ಇಬ್ಬರೂ ತಳ್ಳುತ್ತಿದ್ದರೆ ಎರಡೂ ಕೆಲಸ ಹಾಗೇ ಉಳಿಯುತ್ತವೆ.

ಮಗು ಸದ್ಯಕ್ಕಿಲ್ಲ ಅಂತಾದರೆ, ಅಷ್ಟರಲ್ಲಿ ತೂಕವೂ ನಿಂತಿದ್ದರೆ, ನನ್ನ ಕಣ್ಣು ಬೇಸಿಗೆ ರಜೆಯ ಮೇಲಿದೆ. ಏಪ್ರಿಲ್ ಹತ್ತರ ಸುಮಾರಿಗೆ ರಜೆ ಶುರುವಾದರೆ ಶಾಲೆ ತೆರೆಯುವುದು ಮೇ ಕೊನೆಗೆ. ಏಳು ವಾರ ಹತ್ತಿರ ಹತ್ತಿರ. ನಿಮಗೆ ಬೇಕಾಗಿರುವುದೂ ಅಷ್ಟೇ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಒಂದೆರಡು ವಾರಕ್ಕೇ ಆಫೀಸಿಗೆ ಹೋಗುತ್ತಾರೆ. ನಿಮ್ಮದು ಕೈಯೆತ್ತಿ ಬೋರ್ಡ್ ಮೇಲೆ ಬರೆಯುವ ಕೆಲಸ. ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ, ಕೈಯನ್ನು ಭುಜದ ಮೇಲಕ್ಕೆ ಜಗ್ಗುವ ಹಾಗಿಲ್ಲ. ನೀರಿನ ಬಿಂದಿಗೆ, ತುಂಬಿದ ಕುಕ್ಕರ್, ಅಟ್ಟದ ಮೇಲಿನ ಡಬ್ಬ, ನಿದ್ದೆಗೆ ಜಾರಿದ ಮಗ, ಯಾವುದನ್ನೂ ಎತ್ತಬಾರದು. ಮೊದಲ ದಿನಗಳಲ್ಲಿ ಜಡೆ ಹೆಣೆದುಕೊಳ್ಳುವುದೂ ಕಷ್ಟ. ಸ್ಕೂಟಿ ಕೂಡ ವೈದ್ಯರು ಹೇಳುವವರೆಗೆ ಬೇಡ. ತೋಳಿಗೆ ಬಿಗಿ ಪಟ್ಟಿಯ ಅಂಗಿ ಹಗಲು ರಾತ್ರಿ ಹಾಕಿರಬೇಕು. ಏಪ್ರಿಲ್ ಸೆಕೆಯಲ್ಲಿ ಅದು ಹಿಂಸೆಯೇ, ಸುಳ್ಳು ಹೇಳುವುದಿಲ್ಲ. ಆದರೂ ದಸರಾದ ಎರಡು ಮೂರು ವಾರದ ರಜೆಯಲ್ಲಿ ಮಾಡಿಸಿ, ಅರ್ಧ ವಾಸಿಯಾದ ಕೈಯಲ್ಲಿ ಪಾಠಕ್ಕೆ ಓಡುವುದಕ್ಕಿಂತ ಸೆಕೆಯೇ ವಾಸಿ.

ಅತ್ತೆಯವರನ್ನು ಎದುರು ಹಾಕಿಕೊಳ್ಳಬೇಡಿ. ಹಿಂದಿನ ಸಲ ನಿಮ್ಮನ್ನು ಆಪರೇಷನ್ ಥಿಯೇಟರ್‌ಗೆ ಕಳಿಸಿ ಹೊರಗೆ ಕಾದು ಕೂತವರು ಅವರು. ಆ ಭಯ ಇನ್ನೂ ಹೋಗಿರಲಿಕ್ಕಿಲ್ಲ. ಕೆರೆತದ ಜಾಗ ತೋರಿಸಿ ಮಾತಾಡಿ. ಆ ಆರು ವಾರ ಮನೆ ನಡೆಯಬೇಕಾದರೆ ಅವರ ಕೈಯೂ ಬೇಕು.

ದಿನಾ ಫೋನ್ ಮಾಡುವ ಆ ಕ್ಲಿನಿಕ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಹಬ್ಬದ ರಿಯಾಯಿತಿಗೆ ಸೀರೆ ತೆಗೆದುಕೊಳ್ಳಿ, ಸರ್ಜರಿ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡಿದ್ದು ನಿಮಗೂ ನೆನಪಿರಬಹುದು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ, ಅರಿವಳಿಕೆ ತಜ್ಞರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯಾ ಅಂತ ಕೇಳಿ. ರಕ್ತ ಕಟ್ಟುವುದು, ನೀರು ತುಂಬುವುದು, ತೋಳಿನ ಒಳಬದಿ ಜೋಮು ಹಿಡಿದಂತಾಗುವುದು, ಇವೆಲ್ಲ ಆಗುವ ಸಂಗತಿಗಳೇ. ಹಾಗೇನಾದರೂ ಆದರೆ ಏನು ಮಾಡುತ್ತೀರಿ ಅಂತ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ. ಸೌಂದರ್ಯ ಚಿಕಿತ್ಸೆ ಅಂತ ಎಣಿಸುವುದರಿಂದ ವಿಮೆಯ ಹಣ ಬರುವುದು ಕಷ್ಟ. ಸಾಲ ಮಾಡಬೇಡಿ, ಏಪ್ರಿಲ್‌ವರೆಗೆ ಕೂಡಿಡಲು ತಿಂಗಳುಗಳಿವೆ.

ಬೋರ್ಡಿನ ಮುಂದಿನ ಆ ನಗು ಕಿವಿಯಲ್ಲಿ ಇನ್ನೂ ಇದೆ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಅದಕ್ಕೆ ಏಪ್ರಿಲ್‌ವರೆಗೆ ಕಾಯುವುದು ಬೇಡ. ಸ್ಟಾಫ್ ರೂಮಿನಲ್ಲಿ ನಿಮಗೆ ಹತ್ತಿರದವರು ಒಬ್ಬರಾದರೂ ಇರುತ್ತಾರಲ್ಲ, ಅವರ ಹತ್ತಿರ ಹೇಳಿಕೊಳ್ಳಿ. ಕೆರೆತಕ್ಕೆ ಚರ್ಮ ವೈದ್ಯರಿಂದ ಮುಲಾಮು ತನ್ನಿ, ಮಡಿಕೆಯನ್ನು ಒಣಗಿಸಿ ಇಟ್ಟುಕೊಳ್ಳಿ. ಮದುವೆಗೆ ಮೊಣಕೈವರೆಗಿನ ತೋಳಿಟ್ಟು ಒಂದು ರೇಷ್ಮೆ ರವಿಕೆ ಹೊಲಿಸಿ, 67 ಕೆ.ಜಿ.ಯ ಈ ಹೊಸ ಅಳತೆಯಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ತೂಕ ನೋಡಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮದುವೆ ಗಲಾಟೆ ಮುಗಿದ ಮೇಲೆ ಆ ಅಂಕಿಗಳನ್ನು ನನಗೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.